ಪಿತ್ತಕೋಶದ ಕ್ಯಾನ್ಸರ್: ಯಾರು ತೀರ್ಮಾನಿಸಬೇಕು, ಯಾವಾಗ?

ಹೊಲಿಗೆ ಬಿಚ್ಚಿಸಲು ಹೋದ ದಿನ ಸುದ್ದಿ ಗೊತ್ತಾಗುತ್ತದೆ. ಪಿತ್ತಕೋಶದಲ್ಲಿ ಕಲ್ಲಾಗಿತ್ತು, ಕೀಹೋಲ್ ಆಪರೇಷನ್ ಆಯಿತು, ಒಂದೆರಡು ದಿನದಲ್ಲಿ ಮನೆಗೂ ಕಳಿಸಿದರು. ಈಗ ಪೆಥಾಲಜಿ ವರದಿಯಲ್ಲಿ ಅಡಿನೊಕಾರ್ಸಿನೋಮ ಎಂದು ಬರೆದಿದೆ. ಪಿತ್ತಕೋಶದ ಕ್ಯಾನ್ಸರಿನ ಒಂದು ಪಾಲು ಪತ್ತೆಯಾಗುವುದು ಹೀಗೆ, ಯಾರೂ ಅದನ್ನು ಹುಡುಕದೆ ಇದ್ದಾಗ. ಉಳಿದ ದೊಡ್ಡ ಪಾಲು ಹೊರಬೀಳುವುದು ತೀರಾ ತಡವಾಗಿ: ತಿಂಗಳುಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ, ಕೊನೆಗೆ ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಕೆ ಎದ್ದು, ತೂಕ ಇಳಿದ ಮೇಲೆ.

ಎರಡೂ ಕಡೆ ಮನೆಯವರು ಕೇಳುವುದು ಒಂದೇ ಮಾತು: ಮುಂದೇನು? ಇದಕ್ಕೆ ವೈದ್ಯಲೋಕದಲ್ಲಿ ಒಂದೇ ಉತ್ತರವಿಲ್ಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 1.2 ಲಕ್ಷ ಮಂದಿಗೆ ಈ ರೋಗ ಬಂದಿತ್ತು, 89,000ದಷ್ಟು ಮಂದಿ ತೀರಿಕೊಂಡರು. ಭಾರತದಲ್ಲಿ ವರ್ಷಕ್ಕೆ 20,000ದ ಆಸುಪಾಸು ಹೊಸ ರೋಗಿಗಳು. ಸ್ತನ ಅಥವಾ ಬಾಯಿಯ ಕ್ಯಾನ್ಸರಿನ ಮುಂದೆ ಇದು ಸಣ್ಣ ಸಂಖ್ಯೆ. ಹಾಗಾಗಿ ಇದೊಂದರ ಮೇಲೆಯೇ ನಡೆದ ದೊಡ್ಡ ಪ್ರಯೋಗಗಳೂ ಬೆರಳೆಣಿಕೆಯಷ್ಟು. ರೋಗಿಯ ಮುಂದೆ ಇಡುವ ಅಂಕಿಗಳಲ್ಲಿ ಬಹುಪಾಲು ಪಿತ್ತನಾಳದ ಕ್ಯಾನ್ಸರಿನವರನ್ನೂ ಸೇರಿಸಿಕೊಂಡು ತೆಗೆದವು. ಇನ್ನೊಂದು ಸಂಕಟವೂ ಇದೆ. ಈ ಕಾಯಿಲೆಯಲ್ಲಿ ಮುಖ್ಯ ತೀರ್ಮಾನಗಳು, ತೀರ್ಮಾನವೊಂದು ಬಾಕಿಯಿದೆ ಎಂಬುದು ರೋಗಿಗೆ ತಿಳಿಯುವ ಮೊದಲೇ ಆಗಿಹೋಗಿರುತ್ತವೆ. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಬೇಕೇ ಬೇಡವೇ ಎಂಬಲ್ಲಿಂದಲೇ ಅದು ಶುರುವಾಗುತ್ತದೆ.

ಕೈಬಿಟ್ಟ ಕಾಲ, ಕೈಹಾಕಿದ ಕಾಲ

ವಿಯೆನ್ನಾದ ವೈದ್ಯ ಮ್ಯಾಕ್ಸಿಮಿಲಿಯನ್ ಸ್ಟಾಲ್ 1777ರಲ್ಲಿ ಶವಪರೀಕ್ಷೆಯ ವೇಳೆ ಈ ಕ್ಯಾನ್ಸರನ್ನು ಮೊದಲು ಗುರುತಿಸಿ ಬರೆದಿಟ್ಟ. ಬದುಕಿರುವವರ ಪಿತ್ತಕೋಶವನ್ನು ತೆಗೆಯಬಹುದು, ಅದಿಲ್ಲದೆಯೂ ಮನುಷ್ಯ ಸುಖವಾಗಿ ಉಣ್ಣಬಹುದು ಎಂದು ತೋರಿಸಿದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್, 1882ರಲ್ಲಿ. ಕಲ್ಲಿನ ರೋಗಿಗಳ ಪಾಲಿಗೆ ಅದು ದೊಡ್ಡ ಬಿಡುಗಡೆ. ಕ್ಯಾನ್ಸರಿನವರಿಗೆ ಅದರಿಂದ ಅಷ್ಟು ಲಾಭವಾಗಲಿಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದ ಆಲ್ಫ್ರೆಡ್ ಬ್ಲೇಲಾಕ್ 1924ರಲ್ಲಿ ಬರೆದದ್ದು ನಿಷ್ಠುರವಾಗಿತ್ತು: ಕ್ಯಾನ್ಸರ್ ಎಂದು ಮೊದಲೇ ಖಚಿತವಾದರೆ ಹೊಟ್ಟೆ ತೆರೆಯುವ ಗೋಜಿಗೇ ಹೋಗಬಾರದು. ಮುಂದೆ ಇದೇ ಬ್ಲೇಲಾಕ್ ಹುಟ್ಟಿನಿಂದ ಹೃದಯದೋಷವಿದ್ದ ಮಕ್ಕಳನ್ನು ಉಳಿಸುವ ಶಸ್ತ್ರಚಿಕಿತ್ಸೆಯಿಂದ ಹೆಸರಾದವರು. ಅಂಥ ಧೈರ್ಯಸ್ಥರೇ ಹಿಂಜರಿದಿದ್ದರು ಎಂದರೆ ಈ ರೋಗದ ಸ್ವಭಾವ ಊಹಿಸಬಹುದು.

ಆ ಸ್ವಭಾವಕ್ಕೆ ಕಾರಣ ಪಿತ್ತಕೋಶದ ರಚನೆಯಲ್ಲೇ ಇದೆ. ಅದರ ಗೋಡೆ ತೆಳು. ಕರುಳಿನ ಗೋಡೆಯಲ್ಲಿ ಒಳಪೊರೆಗೂ ಸ್ನಾಯುವಿಗೂ ನಡುವೆ ಇರುವ ಪದರ ಇಲ್ಲಿಲ್ಲ. ಲಿವರಿಗೆ ಅಂಟಿರುವ ಬದಿಯಲ್ಲಂತೂ ಹೊರಹೊದಿಕೆಯೂ ಇಲ್ಲ. ಒಳಪೊರೆಯಲ್ಲಿ ಹುಟ್ಟಿದ ಗಡ್ಡೆ ನಾಲ್ಕಾರು ಮಿಲಿಮೀಟರ್ ದಾಟಿದರೆ ಲಿವರು, ಪಿತ್ತನಾಳ, ದುಗ್ಧಗ್ರಂಥಿಗಳು ಎಲ್ಲವೂ ಕೈಗೆಟಕುವ ದೂರದಲ್ಲಿವೆ. ಆ ಹಂತದವರೆಗೆ ನೋವೂ ಅಷ್ಟಾಗಿ ಇರುವುದಿಲ್ಲ.

1954ರಲ್ಲಿ ನ್ಯೂಯಾರ್ಕಿನ ಫ್ರಾಂಕ್ ಗ್ಲೆನ್ ಮತ್ತು ಡೇನಿಯಲ್ ಹೇಸ್ ಪಿತ್ತಕೋಶದ ಜೊತೆಗೆ ಅದು ಕೂತಿರುವ ಲಿವರಿನ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ಪ್ರತಿಪಾದಿಸಿದರು. ಇಂದಿಗೂ ಗುಣಪಡಿಸುವ ಆಸೆಯಿಂದ ಮಾಡುವ ಶಸ್ತ್ರಚಿಕಿತ್ಸೆಯ ಮೂಲ ನಕ್ಷೆ ಅದೇ. ಜಪಾನಿನ ಶಸ್ತ್ರವೈದ್ಯರು ಇನ್ನೂ ಮುಂದೆ ಹೋಗಿ, ಲಿವರಿನ ದೊಡ್ಡ ಭಾಗವನ್ನೂ ಮೇದೋಜೀರಕದ ತಲೆಯನ್ನೂ ಒಟ್ಟಿಗೇ ತೆಗೆಯತೊಡಗಿದರು. ಪಶ್ಚಿಮದವರು ಅದನ್ನು ಬಹಳ ಕಾಲ ಅನುಮಾನದಿಂದಲೇ ನೋಡಿದರು, ಏಕೆಂದರೆ ಮೇಜಿನ ಮೇಲೋ ವಾರ್ಡಿನಲ್ಲೋ ಪ್ರಾಣ ಹೋಗುವ ಅಪಾಯ ದೊಡ್ಡದಿತ್ತು.

ಆಮೇಲೆ ಬಂದದ್ದು ಲ್ಯಾಪರೊಸ್ಕೋಪಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಫಿಲಿಪ್ ಮೂರೆ, 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯ ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶ ತೆಗೆದರು. ಆಪರೇಷನ್ ಸಲೀಸಾದಂತೆ ಅದನ್ನು ಮಾಡಿಸಿಕೊಳ್ಳುವವರು ಹೆಚ್ಚಾದರು. ಅದರೊಂದಿಗೆ ಆಕಸ್ಮಿಕವಾಗಿ ಸಿಕ್ಕುವ ಕ್ಯಾನ್ಸರುಗಳೂ ಹೆಚ್ಚಾದವು.

ಗಂಗೆಯ ಬಯಲಿನಲ್ಲೇ ಏಕೆ?

ಭಾರತದ ಭೂಪಟದಲ್ಲಿ ಈ ರೋಗ ಒಂದೇ ಸಮನಾಗಿ ಹರಡಿಲ್ಲ. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ, ದೆಹಲಿ ಇದರ ನೆಲೆಗಳು. ಅಸ್ಸಾಮಿನ ಕಾಮರೂಪ ಜಿಲ್ಲೆಯ ಮಹಿಳೆಯರಲ್ಲಿ ಕಾಣುವ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ಇಡುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಇದು ಅಪರೂಪದ ರೋಗ. ಆದರೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ವೈದ್ಯರಿಗೆ ಇದು ಚೆನ್ನಾಗಿ ಪರಿಚಿತ, ಏಕೆಂದರೆ ಬಂಗಾಳ ಮತ್ತು ಈಶಾನ್ಯ ರಾಜ್ಯಗಳಿಂದ ರೈಲು ಹತ್ತಿ ಚಿಕಿತ್ಸೆಗೆ ಬರುವವರ ಸಂಖ್ಯೆ ದೊಡ್ಡದು. ದೇಶದ ಹೊರಗೆ ಚಿಲಿ, ಬೊಲಿವಿಯಾ, ಜಪಾನ್, ಕೊರಿಯಾಗಳಲ್ಲೂ ಇದು ಹೆಚ್ಚು. ಹೆಚ್ಚಿನ ಕಡೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು.

ಕಾರಣ ಹುಡುಕುವವರಲ್ಲಿ ಹಳೆಯ ಪಂಥ ಕಲ್ಲಿನದು. ಕಲ್ಲು ವರ್ಷಗಟ್ಟಲೆ ಒಳಗೋಡೆಯನ್ನು ಉಜ್ಜುತ್ತದೆ, ಉರಿಯೂತ ಹಳೆಯದಾಗುತ್ತದೆ, ಜೀವಕೋಶಗಳು ದಾರಿ ತಪ್ಪುತ್ತವೆ. ಈ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಗೆ ಕಲ್ಲು ಇರುವುದು ನಿಜ. 3 ಸೆಂ.ಮೀ.ಗಿಂತ ದೊಡ್ಡ ಕಲ್ಲಿದ್ದವರಲ್ಲಿ ಅಪಾಯ ಹತ್ತು ಪಟ್ಟಿನಷ್ಟು ಎಂದು 1983ರ ಅಮೆರಿಕನ್ ಅಧ್ಯಯನವೊಂದು ಹೇಳಿತು. ಆದರೆ ಕಲ್ಲಿದ್ದವರಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಬರುವುದೇ ಇಲ್ಲ. ದಕ್ಷಿಣ ಭಾರತದಲ್ಲೂ ಕಲ್ಲುಗಳಿವೆ, ಕ್ಯಾನ್ಸರ್ ಕಡಿಮೆ. ಕಲ್ಲೊಂದೇ ಸಾಲದು.

ಸೋಂಕಿನ ಪಂಥದವರು ಟೈಫಾಯ್ಡ್ ಕಡೆ ಬೆರಳು ಮಾಡುತ್ತಾರೆ. ಜ್ವರ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಪೊರೆ ಕಟ್ಟಿಕೊಂಡು ವರ್ಷಗಟ್ಟಲೆ ಉಳಿದುಬಿಡುತ್ತದೆ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಟೈಫಾಯ್ಡ್ ಹಬ್ಬಿದಾಗ ರೋಗ ತಗುಲಿದವರನ್ನು ದಶಕಗಳ ಕಾಲ ಗಮನಿಸಿದ ಸಂಶೋಧಕರು, ಬ್ಯಾಕ್ಟೀರಿಯಾವನ್ನು ಒಳಗಿಟ್ಟುಕೊಂಡೇ ಉಳಿದವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಬಹಳ ಹೆಚ್ಚಿದ್ದುದನ್ನು ಕಂಡರು. ಜ್ವರ ಬಂದು ಪೂರ್ತಿ ವಾಸಿಯಾದವರಲ್ಲಿ ಹಾಗಿರಲಿಲ್ಲ. ಇದು ಗಟ್ಟಿ ಸುಳಿವು. ಆದರೂ ಟೈಫಾಯ್ಡ್ ಇರುವ ಕಡೆಯೆಲ್ಲ ಈ ಕ್ಯಾನ್ಸರ್ ಇಲ್ಲ.

ಮೂರನೆಯ ಪಂಥದ್ದು ನೆಲ, ನೀರು, ಎಣ್ಣೆಯ ಮಾತು. ಗಂಗೆಯ ಬಯಲಿನ ಅಂತರ್ಜಲದಲ್ಲಿರುವ ಆರ್ಸೆನಿಕ್, ಮಣ್ಣು ಸೇರಿದ ಭಾರಲೋಹಗಳು, ಅಡುಗೆಗೆ ಬಳಸುವ ಸಾಸಿವೆ ಎಣ್ಣೆ, ಅದರಲ್ಲಿ ಬೆರೆಯುವ ದತ್ತೂರಿ ಬೀಜದ ಎಣ್ಣೆ, ಎಲ್ಲದರ ಮೇಲೂ ಅನುಮಾನವಿದೆ. ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ರೋಗ ಹೆಚ್ಚಿರುವ ಮತ್ತು ಕಡಿಮೆಯಿರುವ ಪ್ರದೇಶಗಳೆರಡರಲ್ಲೂ ಕೇಳಿನೋಡಿದಾಗ ಸಾಸಿವೆ ಎಣ್ಣೆ ಹೆಚ್ಚು ಬಳಸುವವರಲ್ಲಿ ಅಪಾಯ ಹೆಚ್ಚಿತ್ತು. ಕನ್ನಡನಾಡಿನಲ್ಲಿ ಸಾಸಿವೆ ಒಗ್ಗರಣೆಗಷ್ಟೇ, ಅಡುಗೆ ಶೇಂಗಾ ಎಣ್ಣೆಯಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಆಗುತ್ತಿತ್ತು ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡುವ ಆಸೆ ಸಹಜ. ಆದರೆ ಎಣ್ಣೆಯೇ ಕಾರಣವೋ, ಎಣ್ಣೆಯೊಂದಿಗೆ ಬಂದದ್ದು ಕಾರಣವೋ ಎಂದು ಇಂಥ ಅಧ್ಯಯನಗಳು ಬೇರ್ಪಡಿಸಿ ಹೇಳಲಾರವು.

ವಂಶವಾಹಿಗಳ ಪಂಥ ಈಚಿನದು. 2017ರಲ್ಲಿ ಟಾಟಾ ಸ್ಮಾರಕ ಕೇಂದ್ರ ಪ್ರಕಟಿಸಿದ ಅಧ್ಯಯನ ಎಬಿಸಿಬಿ1 ಮತ್ತು ಎಬಿಸಿಬಿ4 ಎಂಬ ವಂಶವಾಹಿಗಳ ಬಳಿ ಅಪಾಯ ಹೆಚ್ಚಿಸುವ ವ್ಯತ್ಯಾಸಗಳನ್ನು ಗುರುತಿಸಿತು. ಪಿತ್ತದೊಳಗೆ ಕೊಬ್ಬಿನ ಅಂಶವನ್ನು ಸಾಗಿಸುವ ಕೆಲಸದಲ್ಲಿ ಎಬಿಸಿಬಿ4ರ ಪಾತ್ರವಿದೆ. ಅದೇ ವರ್ಷ ಚಿಲಿಯಿಂದ ಬಂದ ವರದಿ, ಮಾಪುಚೆ ಮೂಲನಿವಾಸಿಗಳ ರಕ್ತಸಂಬಂಧ ಹೆಚ್ಚಿದಷ್ಟೂ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಹೆಚ್ಚುವುದನ್ನು ತೋರಿಸಿತು. ಜಪಾನಿನಲ್ಲಿ ಕಲ್ಲಿಲ್ಲದವರಲ್ಲೂ ರೋಗ ಕಾಣುತ್ತದೆ. ಅಲ್ಲಿ ಪಿತ್ತನಾಳವೂ ಮೇದೋಜೀರಕದ ನಾಳವೂ ಹುಟ್ಟಿನಿಂದಲೇ ಅಸಹಜವಾಗಿ ಕೂಡಿಕೊಂಡಿರುವುದು ಮುಖ್ಯ ಕಾರಣಗಳಲ್ಲಿ ಒಂದು. ಅಂಥವರ ಗಡ್ಡೆಗಳಲ್ಲಿ ಕಾಣುವ ವಂಶವಾಹಿ ದೋಷಗಳೂ ಬೇರೆ. ಬಹುಶಃ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ರೋಗಗಳು ಕೂತಿವೆ.

ಸುಮ್ಮನಿರುವ ಕಲ್ಲನ್ನು ತೆಗೆಸಬೇಕೆ?

ಈ ಜಗಳ ಬರಿಯ ಪಂಡಿತರದ್ದಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡವರೆಲ್ಲ ಇದರೊಳಗೆ ಸಿಕ್ಕಿಬಿದ್ದಿದ್ದಾರೆ. ನೋವು ಕೊಡದ ಕಲ್ಲನ್ನು ಮುಟ್ಟಬೇಡಿ ಎಂಬುದು ಪಶ್ಚಿಮದ ದೇಶಗಳ ರೂಢಿ. ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರಕ್ಕೆ ಕೆಲವೇ ಮಂದಿಗಾದರೂ, ಆದವರ ಬದುಕು ನರಳಾಟವಾಗುತ್ತದೆ. ಚಿಲಿ ಬೇರೆ ದಾರಿ ಹಿಡಿಯಿತು. 2006ರಲ್ಲಿ ತನ್ನ ಆರೋಗ್ಯ ಖಾತರಿ ಯೋಜನೆಯಡಿ 35ರಿಂದ 49 ವಯಸ್ಸಿನ ಕಲ್ಲಿನ ರೋಗಿಗಳಿಗೆ, ಕ್ಯಾನ್ಸರ್ ತಡೆಯುವ ಉದ್ದೇಶವನ್ನೇ ಹೆಸರಿನಲ್ಲಿಟ್ಟುಕೊಂಡು, ಈ ಶಸ್ತ್ರಚಿಕಿತ್ಸೆಯನ್ನು ಹಕ್ಕಾಗಿ ಕೊಟ್ಟಿತು. ಉತ್ತರ ಭಾರತದ ಕೆಲವು ಶಸ್ತ್ರವೈದ್ಯರೂ ತಮ್ಮ ಕಡೆಯವರಿಗೆ ಪಶ್ಚಿಮದ ಅಳತೆಗೋಲು ಹೊಂದದು, ದೊಡ್ಡ ಕಲ್ಲಿದ್ದವರಿಗೆ, ಗೋಡೆ ದಪ್ಪವಾದವರಿಗೆ ಮೊದಲೇ ತೆಗೆಯುವುದು ಮೇಲು ಎನ್ನುತ್ತಾರೆ. ಮೈಸೂರಿನ ರೋಗಿಗೂ ಪಟ್ನಾದ ರೋಗಿಗೂ ಒಂದೇ ಸಲಹೆ ಸಲ್ಲಬೇಕಿಲ್ಲ ಎಂಬ ಅವರ ಮಾತಿನಲ್ಲಿ ಸತ್ಯವಿದೆ.

ತಕರಾರಿಗೆ ಎಡೆಯೇ ಇರಬಾರದಾದ ಒಂದು ವಿಷಯವಿದೆ. ತೆಗೆದ ಪಿತ್ತಕೋಶ ಪ್ರಯೋಗಾಲಯಕ್ಕೆ ಹೋಗಲೇಬೇಕು. ಕೆಲವು ಯುರೋಪಿಯನ್ ದೇಶಗಳಲ್ಲಿ ಖರ್ಚು ಉಳಿಸಲು, ಕಣ್ಣಿಗೆ ಅನುಮಾನ ಬಂದದ್ದನ್ನು ಮಾತ್ರ ಕಳಿಸಿದರೆ ಸಾಕೆಂಬ ವಾದ ಬಲ ಪಡೆದಿದೆ. ರೋಗ ವಿರಳವಾದ ಕಡೆ ಅದು ನಡೆದೀತು. ನಮ್ಮ ಎಷ್ಟೋ ನರ್ಸಿಂಗ್ ಹೋಮುಗಳಲ್ಲಿ ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗಿಡುತ್ತಾರೆ, ಪಿತ್ತಕೋಶ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಕಣ್ಣಿಗೆ ಕಾಣದಷ್ಟು ಎಳೆಯ ಹಂತದಲ್ಲಿ ಸಿಕ್ಕುವ ಕ್ಯಾನ್ಸರೇ ಪೂರ್ತಿ ಗುಣವಾಗುವ ಕ್ಯಾನ್ಸರ್. ಅದನ್ನು ಕೆಲವು ನೂರು ರೂಪಾಯಿಯ ಪರೀಕ್ಷೆಗಾಗಿ ಕಳೆದುಕೊಳ್ಳುವುದು ಅನ್ಯಾಯ. ಆಪರೇಷನ್ ಮಾಡಿಸಿಕೊಂಡ ಪ್ರತಿಯೊಬ್ಬರೂ ಆ ವರದಿಯನ್ನು ಕೇಳಿ ಪಡೆಯಬೇಕು.

ಇನ್ನೊಂದು ಆಪರೇಷನ್: ಎಷ್ಟು, ಯಾವಾಗ

ವರದಿ ಬಂದ ಮೇಲೆ ಎಲ್ಲವೂ ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂಬುದರ ಮೇಲೆ ನಿಲ್ಲುತ್ತದೆ. ಒಳಪೊರೆಯನ್ನು ದಾಟದ ಟಿ1ಎ ಹಂತದಲ್ಲಿ ಈಗಾಗಲೇ ಆದ ಆಪರೇಷನ್ನೇ ಸಾಕು, ಅಂಥವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಸ್ನಾಯುವಿನ ಪದರವನ್ನೂ ದಾಟಿದ ಟಿ2 ಹಂತದಲ್ಲಿ ಮತ್ತೆ ಹೊಟ್ಟೆ ತೆರೆದು ಲಿವರಿನ ಸ್ವಲ್ಪ ಭಾಗವನ್ನೂ ದುಗ್ಧಗ್ರಂಥಿಗಳನ್ನೂ ತೆಗೆಯಬೇಕು ಎಂಬುದರಲ್ಲಿ ಹೆಚ್ಚು ಭಿನ್ನಮತವಿಲ್ಲ. ಕನಿಷ್ಠ ಆರು ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು ಎನ್ನುತ್ತದೆ ಈಗಿನ ನಿಯಮ. ಗಡ್ಡೆ ಲಿವರಿನ ಬದಿಯಲ್ಲಿದ್ದರೆ ಹೊಟ್ಟೆಯ ಬದಿಯಲ್ಲಿರುವುದಕ್ಕಿಂತ ಕೆಟ್ಟದ್ದು ಎಂಬ ತಿಳಿವಳಿಕೆ ಬಲವಾದ್ದರಿಂದ, ಅಂತರರಾಷ್ಟ್ರೀಯ ಹಂತಗಣನೆಯ ಎಂಟನೇ ಆವೃತ್ತಿ ಟಿ2ನ್ನು ಎರಡಾಗಿ ಒಡೆಯಿತು.

ಪೇಚು ನಡುವಿನ ಟಿ1ಬಿಯದು, ಅಂದರೆ ಸ್ನಾಯುವಿನೊಳಕ್ಕೆ ಇಳಿದು ಅಲ್ಲೇ ನಿಂತದ್ದು. ಬಹುಪಾಲು ಮಾರ್ಗಸೂಚಿಗಳು ಎರಡನೇ ಆಪರೇಷನ್ ಬೇಕು ಎನ್ನುತ್ತವೆ. ಕೊರಿಯಾ, ಜಪಾನ್, ಚಿಲಿ, ಅಮೆರಿಕದ ಆಸ್ಪತ್ರೆಗಳ ರೋಗಿಗಳನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನವೊಂದು, ಸರಳ ಆಪರೇಷನ್ನಿಗೂ ವಿಸ್ತೃತ ಆಪರೇಷನ್ನಿಗೂ ಬದುಕುಳಿಯುವುದರಲ್ಲಿ ಅಂಥ ಅಂತರ ಕಾಣಲಿಲ್ಲ ಎಂದಿದೆ. ಎಪ್ಪತ್ತೈದು ವಯಸ್ಸಿನ, ಹೃದಯದ ತೊಂದರೆಯೂ ಇರುವ ರೋಗಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೇ ಆಪರೇಷನ್ ಯಾವಾಗ ಎಂಬುದೂ ಪ್ರಶ್ನೆಯೇ. ಮೊದಲನೆಯದರ ನಾಲ್ಕರಿಂದ ಎಂಟು ವಾರಗಳ ನಡುವೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದ್ದನ್ನು ಅಮೆರಿಕದ ಆಸ್ಪತ್ರೆಗಳ ಒಕ್ಕೂಟವೊಂದು 2017ರಲ್ಲಿ ವರದಿ ಮಾಡಿತು. ಹಿಂದೆ ಕೀಹೋಲ್ ರಂಧ್ರಗಳಿದ್ದ ಜಾಗದ ಚರ್ಮವನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಅದರಿಂದ ಆಯಸ್ಸು ಹೆಚ್ಚದೆಂದು ಕಂಡು ಈಗ ಕೈಬಿಡಲಾಗಿದೆ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ಶಸ್ತ್ರವೈದ್ಯರು ನಾನೂರಕ್ಕೂ ಹೆಚ್ಚು ರೋಗಿಗಳ ಅನುಭವದಿಂದ ತೋರಿಸಿಕೊಟ್ಟದ್ದು ಇನ್ನೂ ಉಪಯುಕ್ತ: ದೊಡ್ಡ ಆಪರೇಷನ್ನಿಗೆ ಮುನ್ನ ದುರ್ಬೀನು ಹಾಕಿ ಒಮ್ಮೆ ಒಳಗೆ ನೋಡಿದರೆ, ಸ್ಕ್ಯಾನಿಗೆ ಕಾಣದೆ ಹರಡಿದ ರೋಗ ಸಿಕ್ಕು ಎಷ್ಟೋ ಮಂದಿಗೆ ವ್ಯರ್ಥವಾಗಿ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಕ್ಯಾನ್ಸರ್ ಎಂದುಕೊಂಡದ್ದು ಕ್ಯಾನ್ಸರೇ ಅಲ್ಲದಿರಲೂಬಹುದು. ಹಳೆಯ ಉರಿಯೂತದ ಒಂದು ಬಗೆ ಸ್ಕ್ಯಾನಿನಲ್ಲಿ ಥೇಟ್ ಗಡ್ಡೆಯಂತೆಯೇ ಕಾಣುತ್ತದೆ. ಆಪರೇಷನ್ ಸಾಧ್ಯವಿದ್ದರೆ ಸೂಜಿ ಚುಚ್ಚಿ ಬಯಾಪ್ಸಿ ಮಾಡದೆ ನೇರ ತೆಗೆಯುವುದು ವಾಡಿಕೆ, ಚುಚ್ಚಿದ ದಾರಿಯಲ್ಲಿ ರೋಗ ಚೆಲ್ಲಬಹುದೆಂಬ ಭಯದಿಂದ. ಕೀಮೊ ಶುರುಮಾಡುವುದಾದರೆ ಮಾತ್ರ ಬಯಾಪ್ಸಿ ಬೇಕೇ ಬೇಕು.

ಕಣ್ಣು ಹಳದಿಯಾದ ಮೇಲೆ

ಕಾಮಾಲೆ ಬಂತೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನೆಲನೆಲ್ಲಿ, ನಾಟಿ ಮದ್ದು, ಪಥ್ಯ. ಲಿವರಿನ ಸೋಂಕಿನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುವುದರಿಂದ ಮದ್ದಿಗೆ ಹೆಸರು ಬಂದಿದೆ. ಗಡ್ಡೆ ಪಿತ್ತನಾಳವನ್ನು ಒತ್ತಿ ಬಂದ ಕಾಮಾಲೆ ಹಾಗಲ್ಲ. ಮಲ ಬಿಳಿಚಿ, ಮೂತ್ರ ಕಡುಹಳದಿಯಾಗಿ, ರಾತ್ರಿಯೆಲ್ಲ ತುರಿಕೆಯಿದ್ದರೆ ಅಂದೇ ಸ್ಕ್ಯಾನ್ ಮಾಡಿಸಬೇಕು. ಪಥ್ಯದಲ್ಲಿ ಕಳೆದ ಮೂರು ವಾರ ಈ ರೋಗದಲ್ಲಿ ಬಹು ದುಬಾರಿ.

ಕಾಮಾಲೆ ಕಂಡರೆ ಆಪರೇಷನ್ನಿನ ಮಾತೇ ಬೇಡ ಎನ್ನುವ ಪಂಥಕ್ಕೆ ಆಧಾರವಾದದ್ದು ನ್ಯೂಯಾರ್ಕಿನ ಸ್ಲೋನ್ ಕೆಟ್ಟರಿಂಗ್ ಆಸ್ಪತ್ರೆಯ 2004ರ ವರದಿ. ಅಲ್ಲಿ ಕಾಮಾಲೆಯೊಂದಿಗೆ ಬಂದ 82 ರೋಗಿಗಳಲ್ಲಿ ಗುಣಪಡಿಸುವ ಉದ್ದೇಶದಿಂದ ಗಡ್ಡೆಯನ್ನು ತೆಗೆಯಲಾದದ್ದು ನೂರಕ್ಕೆ ಏಳು ಮಂದಿಗೆ ಮಾತ್ರ. ಜಪಾನ್ ಮತ್ತು ಭಾರತದ ಕೆಲವು ಕೇಂದ್ರಗಳು ಇದನ್ನು ಒಪ್ಪುವುದಿಲ್ಲ. ಆಯ್ದ ರೋಗಿಗಳಲ್ಲಿ, ಮೊದಲು ಪಿತ್ತವನ್ನು ಹೊರಹರಿಸಿ, ಆಮೇಲೆ ಲಿವರಿನ ದೊಡ್ಡ ಭಾಗ ತೆಗೆದು, ವರ್ಷಗಟ್ಟಲೆ ಬದುಕಿಸಿದ ಉದಾಹರಣೆಗಳು ಅವರ ಬಳಿ ಇವೆ. ‘ಆಯ್ದ’ ಎಂಬ ಮಾತು ಇಲ್ಲಿ ಬಹಳ ಭಾರ ಹೊತ್ತಿದೆ.

ಆಪರೇಷನ್ ಆಗದವರಿಗೂ ಕಾಮಾಲೆ ಇಳಿಸುವುದು ಮುಖ್ಯ, ತುರಿಕೆ ನಿಂತು ನಿದ್ದೆ ಬಂದರೆ ಅದೇ ಎಷ್ಟೋ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸ್ಟೆಂಟ್ ಹಾಕುವುದು ಒಂದು ದಾರಿ, ಪಕ್ಕೆಯಿಂದ ಲಿವರಿನೊಳಕ್ಕೆ ನಳಿಕೆ ಇಳಿಸುವುದು ಇನ್ನೊಂದು. ಗಡ್ಡೆ ಪಿತ್ತನಾಳದ ಕವಲಿನಲ್ಲಿ ಅಡ್ಡಲಾಗಿದ್ದವರಲ್ಲಿ ಎರಡನ್ನೂ ಹೋಲಿಸಿ 2008ರಲ್ಲಿ ಪ್ರಕಟವಾದ ದೆಹಲಿಯ ಪ್ರಯೋಗದಲ್ಲಿ ಪಕ್ಕೆಯ ದಾರಿಯೇ ಹೆಚ್ಚು ಯಶಸ್ವಿಯಾಗಿತ್ತು, ಸೋಂಕೂ ಕಡಿಮೆ. ಪ್ಲಾಸ್ಟಿಕ್ ಸ್ಟೆಂಟ್ ಅಗ್ಗ, ಆದರೆ ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಲೋಹದ್ದು ದುಬಾರಿ, ಬಾಳಿಕೆ ಹೆಚ್ಚು. ಚಳಿಜ್ವರ ಬಂದರೆ ಸ್ಟೆಂಟ್ ಕಟ್ಟಿರಬಹುದು, ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ ಕಳಿಸುವ ಆಸ್ಪತ್ರೆಗಳು ಇನ್ನೂ ಹೆಚ್ಚಬೇಕು.

ಕೀಮೊ ಕೊಡುವ ತಿಂಗಳುಗಳು

ರೋಗ ಹರಡಿದವರಿಗೆ ಕೀಮೊದಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಪಿತ್ತಕೋಶಕ್ಕೆಂದೇ ಉತ್ತರ ಹುಡುಕಿದ್ದು ದೆಹಲಿಯ ಏಮ್ಸ್. 81 ರೋಗಿಗಳ ಈ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಆರೈಕೆ ಮಾತ್ರ ಪಡೆದವರು ಮಧ್ಯಮ ಲೆಕ್ಕದಲ್ಲಿ 4.5 ತಿಂಗಳು ಬದುಕಿದರು, ಹಳೆಯ ಕೀಮೊ ಪಡೆದವರು 4.6 ತಿಂಗಳು, ಜೆಮ್‌ಸಿಟಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಪಡೆದವರು 9.5 ತಿಂಗಳು. ಅದೇ ವರ್ಷ ಬ್ರಿಟನ್ನಿನ ಎಬಿಸಿ-02 ಪ್ರಯೋಗ 410 ರೋಗಿಗಳಲ್ಲಿ ಜೆಮ್‌ಸಿಟಬಿನ್ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದಾಗ ಬದುಕಿನ ಅವಧಿ 8.1ರಿಂದ 11.7 ತಿಂಗಳಿಗೆ ಏರಿದ್ದನ್ನು ತೋರಿಸಿತು. ಅವರಲ್ಲಿ ಪಿತ್ತಕೋಶದವರು ಮೂರನೇ ಒಂದಕ್ಕಿಂತ ತುಸು ಹೆಚ್ಚು. ಜಗತ್ತಿನ ಮಾನದಂಡವಾದದ್ದು ಬ್ರಿಟನ್ನಿನ ಪ್ರಯೋಗ. ಏಮ್ಸಿನದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ.

ಮಧ್ಯಮ ಲೆಕ್ಕವೆಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಕಡಿಮೆ. ‘ಹನ್ನೊಂದು ತಿಂಗಳು’ ಎಂದು ಗಡುವಿನಂತೆ ಹೇಳುವುದು ತಪ್ಪು, ‘ಏನೂ ಆಗಲ್ಲ’ ಎಂದು ಸಾಗಹಾಕುವುದು ಇನ್ನೂ ತಪ್ಪು. ಸಿಕ್ಕ ತಿಂಗಳುಗಳಲ್ಲಿ ಎಷ್ಟು ದಿನ ಆಸ್ಪತ್ರೆಯ ಕುರ್ಚಿಯಲ್ಲಿ, ಎಷ್ಟು ದಿನ ವಾಂತಿ ಸುಸ್ತಿನಲ್ಲಿ, ಎಷ್ಟು ದಿನ ಮೊಮ್ಮಕ್ಕಳ ಜೊತೆಯಲ್ಲಿ ಎಂಬ ಲೆಕ್ಕವನ್ನೂ ರೋಗಿ ಹಾಕಬೇಕಾಗುತ್ತದೆ. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರ.

ಈಚಿನ ಸೇರ್ಪಡೆ ಇಮ್ಯುನೊಥೆರಪಿ. ಟೋಪಾಜ್-1 ಎಂಬ ಪ್ರಯೋಗದಲ್ಲಿ ಡರ್ವಾಲುಮಾಬ್ ಸೇರಿಸಿದಾಗ ಮಧ್ಯಮ ಅವಧಿ ಒಂದೂವರೆ ತಿಂಗಳಿನಷ್ಟು ಹೆಚ್ಚಿತು. ಮೂರು ವರ್ಷ ದಾಟಿದವರು ನೂರಕ್ಕೆ ಏಳರಿಂದ ಸುಮಾರು ಹದಿನೈದಕ್ಕೆ ಏರಿದರು. ಈ ಎರಡನೆಯ ಅಂಕಿಯನ್ನು ನೆಚ್ಚಿದವರಿಗೆ ಇದು ದೊಡ್ಡ ಹೆಜ್ಜೆ. ಆದರೆ ಆ ಪ್ರಯೋಗದಲ್ಲಿದ್ದ ಪಿತ್ತಕೋಶದ ರೋಗಿಗಳನ್ನಷ್ಟೇ ಬೇರ್ಪಡಿಸಿ ನೋಡಿದರೆ ಲಾಭ ತೀರಾ ಮಸುಕು. ಖರ್ಚೋ ಲಕ್ಷಗಳಲ್ಲಿ. ಹೊಲ ಮಾರಿ ಈ ಔಷಧ ಕೊಡಿಸಲು ಹೊರಟ ಮಗನಿಗೆ ಈ ಸಂಗತಿಯನ್ನು ಯಾರಾದರೂ ನಿಧಾನವಾಗಿ ಕೂತು ಹೇಳಲೇಬೇಕು.

ಇದಕ್ಕಿಂತ ನೆಲಕ್ಕೆ ಹತ್ತಿರದ ಭರವಸೆ ಹರ್2 ಎಂಬ ಗುರುತಿನದು. ಪಿತ್ತಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಲ್ಲಿ ಇದು ಹೆಚ್ಚಿರುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಇದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಔಷಧದ ಅಗ್ಗದ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತ್ತು. ಟಾಟಾ ಸ್ಮಾರಕ ಆಸ್ಪತ್ರೆಯವರು ಹರ್2 ಇರುವ 90 ರೋಗಿಗಳಿಗೆ ಕೀಮೊ ಜೊತೆ ಟ್ರಾಸ್ಟುಜುಮಾಬ್ ಕೊಟ್ಟು ನೋಡಿದ ಪ್ರಯೋಗ ಆಶಾದಾಯಕವಾಗಿತ್ತು. ಹರ್2ಕ್ಕೇ ಗುರಿಯಿಡುವ ಹೊಸ ಔಷಧಗಳಿಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ. ಹಾಗಿರುವಾಗ ಬಯಾಪ್ಸಿ ಮಾಡಿದ ತುಣುಕಿನಲ್ಲಿ ಹರ್2 ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳುವುದು ರೋಗಿಯ ಮನೆಯವರು ಕೇಳಬಹುದಾದ ಅತಿ ಉಪಯುಕ್ತ ಪ್ರಶ್ನೆಗಳಲ್ಲಿ ಒಂದು.

ಆಪರೇಷನ್ ಆದವರಿಗೆ ಮುಂದೆ ಕೀಮೊ ಬೇಕೆ? ಬ್ರಿಟನ್ನಿನ ಬಿಲ್‌ಕ್ಯಾಪ್ ಪ್ರಯೋಗದಲ್ಲಿ ಆರು ತಿಂಗಳು ಕ್ಯಾಪೆಸಿಟಬಿನ್ ಮಾತ್ರೆ ನುಂಗಿದವರು ಮಧ್ಯಮ ಲೆಕ್ಕದಲ್ಲಿ 51 ತಿಂಗಳು, ನುಂಗದವರು 36 ತಿಂಗಳು ಬದುಕಿದರು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಮುಖ್ಯ ಲೆಕ್ಕ ದಾಟಲಿಲ್ಲವಾದರೂ ಮಾತ್ರೆ ರೂಢಿಗೆ ಬಂತು. ನೇರ ಆಪರೇಷನ್ನಿಗೆ ಒಗ್ಗದ, ಆದರೆ ದೂರ ಹರಡದ ಗಡ್ಡೆಗಳಲ್ಲಿ ಟಾಟಾ ಸ್ಮಾರಕದ ಪೋಲ್‌ಕ್ಯಾಗ್‌ಬಿ ಪ್ರಯೋಗ, ಕೀಮೊ ಜೊತೆ ರೇಡಿಯೇಶನ್ ಕೊಟ್ಟರೆ ಹೆಚ್ಚು ಮಂದಿಯನ್ನು ಆಪರೇಷನ್ನಿಗೆ ತರಬಹುದು, ಆಯಸ್ಸೂ ಹೆಚ್ಚುತ್ತದೆ ಎಂದು ಕಂಡಿದೆ.

‘ಡಾಕ್ಟ್ರೇ, ಅಮ್ಮನಿಗೆ ಹೇಳ್ಬೇಡಿ’

ಈ ರೋಗ ಹೆಚ್ಚಾಗಿ ಬರುವುದು ಐವತ್ತು ಅರವತ್ತರ ಹೆಂಗಸರಿಗೆ. ಫೈಲು ಹಿಡಿದು ವೈದ್ಯರ ಕೋಣೆಗೆ ಹೋಗುವವರು ಗಂಡ, ಮಗ, ಅಳಿಯ. ಹೊರಗೆ ಬೆಂಚಿನ ಮೇಲೆ ಕೂತವಳಿಗೆ ‘ಕಲ್ಲು ಸ್ವಲ್ಪ ಉಳಿದಿದೆಯಂತೆ’ ಎಂದು ಹೇಳಲಾಗುತ್ತದೆ. ಇದರ ಹಿಂದೆ ಪ್ರೀತಿಯೇ ಇರುವುದು, ಅದನ್ನು ಹೀಗಳೆಯುವಂತಿಲ್ಲ. ಸುದ್ದಿ ಕೇಳಿದರೆ ಕುಸಿದುಬಿಡುತ್ತಾಳೆಂಬ ಭಯ ನಿಜವಾದದ್ದೇ. ಕುಟುಂಬವೇ ಕೂಡಿ ತೀರ್ಮಾನಿಸುವುದು ನಮ್ಮ ರೀತಿ, ವ್ಯಕ್ತಿಯೊಬ್ಬರೇ ಸಹಿ ಹಾಕುವ ಪಶ್ಚಿಮದ ರೀತಿ ಇಲ್ಲಿಗೆ ಸಲ್ಲದು ಎನ್ನುವ ವೈದ್ಯರೂ ಇದ್ದಾರೆ. ಎದುರು ಪಂಥದವರ ಪ್ರಶ್ನೆ: ಕೀಮೊ ಬಾಟಲಿ ಏರಿಸಿಕೊಳ್ಳುವ ತೋಳು ಅವಳದ್ದು, ಕೂದಲು ಅವಳದ್ದು, ಕಳೆಯುವ ತಿಂಗಳು ಅವಳವು. ಬೇಡ ಎನ್ನುವ ಅವಕಾಶ ಅವಳಿಗಿಲ್ಲವೇ? ಎಷ್ಟು ತಿಳಿಯಬೇಕೆಂದು ಮೊದಲು ರೋಗಿಯನ್ನೇ ಕೇಳುವುದು, ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳುವುದು ಎಂಬ ನಡುದಾರಿಯನ್ನು ಉಪಶಾಮಕ ಆರೈಕೆಯ ವೈದ್ಯರು ಬಳಸುತ್ತಾರೆ. ಪ್ರೀತಿಗೂ ಹಕ್ಕಿಗೂ ಇದಕ್ಕಿಂತ ಹೆಚ್ಚು ನ್ಯಾಯ ಒದಗಿಸುವ ದಾರಿ ಸದ್ಯಕ್ಕೆ ಕಾಣುತ್ತಿಲ್ಲ.

ಉಪಶಾಮಕ ಆರೈಕೆಯೆಂದರೆ ‘ಕೊನೆಯಲ್ಲಿ ಕಳಿಸುವ ಜಾಗ’ ಎಂಬ ಭಾವನೆ ಬೇರೂರಿದೆ. 2010ರಲ್ಲಿ ಬಾಸ್ಟನ್ನಿನಲ್ಲಿ ಶ್ವಾಸಕೋಶ ಕ್ಯಾನ್ಸರಿನವರ ಮೇಲೆ ನಡೆದ ಪ್ರಯೋಗ, ರೋಗ ಪತ್ತೆಯಾದ ಆರಂಭದಿಂದಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದ, ಹೆಚ್ಚು ಕಾಲವೂ ಬದುಕಿದ್ದನ್ನು ತೋರಿಸಿತು. ಪಿತ್ತಕೋಶದ ರೋಗಿಗೆ ಬೇಕಾದ್ದು ಬಹಳ: ನೋವಿಗೆ ಮಾರ್ಫಿನ್, ತುರಿಕೆಗೆ ಔಷಧ, ಹೊಟ್ಟೆಯಲ್ಲಿ ತುಂಬುವ ನೀರು ತೆಗೆಯುವುದು, ಹಸಿವಿಲ್ಲದಾಗ ಏನು ಉಣಿಸಬೇಕೆಂಬ ಮನೆಯವರ ಆತಂಕಕ್ಕೆ ಉತ್ತರ. ಮಾರ್ಫಿನ್ ಸಿಗುವುದನ್ನು ಕಷ್ಟವಾಗಿಸಿದ್ದ 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಯಿತಾದರೂ ತಾಲೂಕು ಆಸ್ಪತ್ರೆಗಳವರೆಗೆ ಅದು ಇಳಿದಿಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಹಣ ಪಡೆಯದೆ ಈ ಆರೈಕೆ ಕೊಡುತ್ತಿದೆ.

ಚಿಕಿತ್ಸೆ ನಿಲ್ಲಿಸುವ ತೀರ್ಮಾನಕ್ಕೂ ಈಗ ಕಾನೂನಿನ ಬೆಂಬಲವಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಗುಣವಾಗದ ಹಂತದಲ್ಲಿ ವೆಂಟಿಲೇಟರ್ ಬೇಡ ಎಂದು, ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡಲು ಇದರಿಂದ ಸಾಧ್ಯ. ಆದರೆ ರೋಗದ ಹೆಸರನ್ನೇ ಕೇಳದವಳು ಅದನ್ನು ಬರೆಯುವುದು ಹೇಗೆ?

ಇತ್ಯರ್ಥವಾಗದೆ ಉಳಿದದ್ದು

ಟಿ1ಬಿಗೆ ಎರಡನೇ ಆಪರೇಷನ್ ಬೇಕೇ ಎಂಬುದನ್ನು ತೀರ್ಮಾನಿಸಬಲ್ಲ ಪ್ರಯೋಗ ನಡೆದಿಲ್ಲ. ಆಕಸ್ಮಿಕವಾಗಿ ಪತ್ತೆಯಾದವರಿಗೆ ನೇರ ಆಪರೇಷನ್ ಒಳ್ಳೆಯದೋ, ಮೊದಲು ಕೆಲವು ಸುತ್ತು ಕೀಮೊ ಕೊಟ್ಟು ರೋಗದ ವೇಗ ನೋಡಿ ಆಮೇಲೆ ಕೈಹಾಕುವುದು ಒಳ್ಳೆಯದೋ ಎಂದು ಕೇಳಲು ಜರ್ಮನಿಯಲ್ಲೂ ಅಮೆರಿಕದಲ್ಲೂ ಪ್ರಯೋಗಗಳು ಶುರುವಾದವು. ರೋಗಿಗಳು ವಿರಳವಾದ ದೇಶಗಳಲ್ಲಿ ಇಂಥ ಪ್ರಯೋಗಕ್ಕೆ ಸಾಕಷ್ಟು ಜನ ಸಿಗುವುದೇ ಕಷ್ಟ. ರೋಗಿಗಳಿರುವುದು ಲಖನೌ, ಗುವಾಹಟಿ, ಪಟ್ನಾಗಳಲ್ಲಿ. ಅಲ್ಲಿಯ ಆಸ್ಪತ್ರೆಗಳು ಕೂಡಿ ಮಾಡಿದರೆ ಕೆಲವೇ ವರ್ಷಗಳಲ್ಲಿ ಉತ್ತರ ಸಿಕ್ಕೀತು, ಹಣ ಮತ್ತು ಮನಸ್ಸು ಎರಡೂ ಕೂಡಿಬರಬೇಕು ಅಷ್ಟೆ.

ಇಮ್ಯುನೊಥೆರಪಿಯಿಂದ ಪಿತ್ತಕೋಶದವರಿಗೆ ನಿಜಕ್ಕೂ ಎಷ್ಟು ಲಾಭ, ಯಾರಿಗೆ ಲಾಭ ಎಂಬುದು ತೆರೆದೇ ಇದೆ. ಕಾಮಾಲೆಯಿದ್ದವರಲ್ಲಿ ಯಾರನ್ನು ದೊಡ್ಡ ಆಪರೇಷನ್ನಿಗೆ ಆಯಬೇಕೆಂಬ ಅಳತೆಗೋಲು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ಸಾಸಿವೆ ಎಣ್ಣೆ, ಆರ್ಸೆನಿಕ್, ವಂಶವಾಹಿ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಹೊಣೆ ಎಂಬ ಲೆಕ್ಕ ಕೂಡಿಬಂದಿಲ್ಲ. ಅದು ತಿಳಿಯದೆ, ನೋವಿಲ್ಲದ ಒಂದು ಸೆಂಟಿಮೀಟರ್ ಕಲ್ಲಿಟ್ಟುಕೊಂಡ ಬಿಹಾರದ ಐವತ್ತರ ಹೆಂಗಸಿಗೆ ತೆಗೆಸು ಎನ್ನಬೇಕೋ ಬಿಡು ಎನ್ನಬೇಕೋ ಎಂದು ಹೇಳುವುದು ಕಷ್ಟ. ಹಾಗೆ ಹೇಳಬಲ್ಲ ಅಧ್ಯಯನಕ್ಕೆ ಸಾವಿರಾರು ಮಂದಿಯನ್ನು ದಶಕಗಳ ಕಾಲ ಹಿಂಬಾಲಿಸಬೇಕು, ತೆಗೆದ ಪ್ರತಿ ಪಿತ್ತಕೋಶದ ವರದಿಯೂ ಒಂದೆಡೆ ದಾಖಲಾಗಬೇಕು. ಅಂಥ ದಾಖಲೆ ದೇಶದ ಯಾವ ರಾಜ್ಯದಲ್ಲೂ ಇನ್ನೂ ಪೂರ್ಣವಾಗಿ ರೂಪುಗೊಂಡಿಲ್ಲ.